ಕಲ್ನಾರು ಸೂರನ್ನು ನಾವೇ ಕೆರೆಯಬೇಕೇ?



ಕ್ರಿಸ್ಮಸ್ ಹತ್ತಿರವಾದಂತೆ ಲೈನ್ ಮನೆಗಳಿಗೆ ಸುಣ್ಣ ಬಳಿಯುವುದು ನಮ್ಮ ತೋಟಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ವಾರವೆಲ್ಲ ಸೊಪ್ಪು ಕಿತ್ತು ಬೆನ್ನು ಬಾಗಿದ ಅಕ್ಕಂದಿರು ಭಾನುವಾರ ಪೂಜೆ ಮುಗಿದ ಮೇಲೆ ಸೆರಗು ಸಿಕ್ಕಿಸಿ ಬಕೆಟ್ಟು ಹಿಡಿಯುತ್ತಾರೆ. ಗೋಡೆಗೆ ಸುಣ್ಣ ಬಳಿಯುವುದರ ಬಗ್ಗೆ ನನ್ನ ತಕರಾರೇನೂ ಇಲ್ಲ. ತಕರಾರು ಇರುವುದು ತಲೆಯ ಮೇಲಿನ ಸೂರಿನ ವಿಷಯದಲ್ಲಿ. ವರ್ಷವಿಡೀ ಒಲೆಯ ಹೊಗೆ ಕುಡಿದು ಕರ್ರಗಾದ ಶೀಟಿನ ಒಳಮೈಯನ್ನು ತಂತಿ ಬ್ರಷ್ಷಿನಿಂದ, ಉಪ್ಪುಕಾಗದದಿಂದ, ಕೆಲವು ಕಡೆ ಹಳೇ ಕತ್ತಿಯಿಂದಲೂ ಕೆರೆದು ಬಿಳುಪು ಮಾಡುವುದು; ಒಡೆದ ಶೀಟನ್ನು ಸುತ್ತಿಗೆಯಿಂದ ಹೊಡೆದು ಕೆಳಗೆ ಬೀಳಿಸುವುದು; ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಪಾಚಿ ಉಜ್ಜುವುದು. ಪಟ್ಟಣಕ್ಕೆ ಪೇಂಟಿಂಗ್ ಕೆಲಸಕ್ಕೆ ಹೋಗಿಬರುವ ನಮ್ಮ ಹುಡುಗರು ಈಗ ಕರೆಂಟಿನ ಉಜ್ಜುವ ಮಷೀನನ್ನೂ ತರುತ್ತಿದ್ದಾರೆ. ಒಂದು ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮನೆಯೊಳಗೆ ಬೆಳ್ಳಗೆ ಮಂಜು ಕವಿದಂತೆ ಧೂಳು ನಿಲ್ಲುತ್ತದೆ. ಮಕ್ಕಳು ಅದರಲ್ಲೇ ಓಡಾಡುತ್ತಾರೆ.

ಈ ಕೆಲಸವನ್ನು ನಾವು ಮಾಡಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇದನ್ನು ಶ್ರಮದಾನವೆಂದು ಹೊಗಳುವವರು ನಮ್ಮಲ್ಲೇ ಇದ್ದಾರೆ. ಅವರಿಗೆ ಬೇಸರವಾದರೂ ಸರಿ, ಹೇಳಬೇಕಾದದ್ದನ್ನು ಹೇಳುತ್ತೇನೆ.

ನಾವು ಸಿಮೆಂಟ್ ಶೀಟು ಎನ್ನುತ್ತೇವೆ. ಆದರೆ ಕನ್ನಡದಲ್ಲಿ ಅದಕ್ಕೆ ಮೊದಲಿಂದ ಒಂದು ಒಳ್ಳೆಯ ಹೆಸರಿದೆ, ಕಲ್ನಾರು. ಕಲ್ಲಿನಿಂದ ಬಂದ ನಾರು. ಈ ಹೆಸರಿನಲ್ಲೇ ಎಲ್ಲ ವಿಷಯವೂ ಇದೆ. ನೆಲದಿಂದ ಅಗೆದು ತೆಗೆಯುವ ಒಂದು ಬಗೆಯ ಕಲ್ಲು ಹತ್ತಿಯಂತೆ ಎಳೆ ಎಳೆಯಾಗಿ ಬಿಡುತ್ತದೆ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ಸಿಮೆಂಟಿಗೆ ನೂರಕ್ಕೆ ಸುಮಾರು ಹತ್ತು ಪಾಲು ಈ ನಾರನ್ನು ಸೇರಿಸಿ ಒತ್ತಿದರೆ ತೆಳುವಾದ, ಗಟ್ಟಿಯಾದ ಶೀಟಾಗುತ್ತದೆ. ಅಗ್ಗ, ಹಗುರ, ಬೇಗ ಹೊದಿಸಬಹುದು. ಆದ್ದರಿಂದಲೇ ಬೆಟ್ಟದ ಮೇಲಿನ ತೋಟಗಳಲ್ಲಿ ಹೆಂಚು ಹೊತ್ತು ತರುವ ಖರ್ಚು ಉಳಿಸಲು ಲೈನುಗಳಿಗೆ ಇದನ್ನೇ ಹಾಕಿದರು.

ಶೀಟು ಇಡಿಯಾಗಿ, ಒಡೆಯದೆ ಇರುವಷ್ಟು ದಿನ ಆ ನಾರು ಸಿಮೆಂಟಿನ ಹಿಡಿತದಲ್ಲಿ ಇರುತ್ತದೆ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಇಲ್ಲವಾದರೆ ಓದಿದವರು ಇವತ್ತು ರಾತ್ರಿಯೇ ಮಕ್ಕಳನ್ನು ಎತ್ತಿಕೊಂಡು ಹೊರಗೆ ಮಲಗಿಯಾರು. ಹಾಗೆ ಹೆದರಬೇಕಾಗಿಲ್ಲ. ಅಪಾಯ ಇರುವುದು ಕೆರೆದಾಗ, ಕೊಯ್ದಾಗ, ತೂತು ಕೊರೆದಾಗ, ಒಡೆದಾಗ. ಮತ್ತು ಹಳೆಯದಾಗಿ ಮೈ ಸವೆದು ಬೆರಳಿಗೆ ಪುಡಿ ಅಂಟುವ ಸ್ಥಿತಿಗೆ ಬಂದಾಗ. ಆಗ ಬಿಡುಗಡೆಯಾಗುವ ಎಳೆಗಳು ತಲೆಕೂದಲಿಗಿಂತ ಎಷ್ಟೋ ಪಾಲು ಸಣ್ಣವು. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಇಲ್ಲ, ಗಂಟಲು ಉರಿಯುವುದೂ ಇಲ್ಲ. ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಶ್ವಾಸಕೋಶದ ಆಳಕ್ಕೆ ಹೋಗಿ ಕೂತರೆ ಹಲವು ಎಳೆಗಳು ಅಲ್ಲೇ ಉಳಿಯುತ್ತವೆ.

"ಮೂವತ್ತು ವರ್ಷದಿಂದ ಈ ಶೀಟಿನ ಕೆಳಗೇ ಬದುಕಿದ್ದೇವೆ, ನಮಗೇನಾಗಿದೆ?" ಎಂದು ಕೇಳುವವರಿದ್ದಾರೆ. ಈ ರೋಗದ ಮೋಸ ಇರುವುದೇ ಅಲ್ಲಿ. ಕಲ್ನಾರಿನಿಂದ ಬರುವ ಶ್ವಾಸಕೋಶದ ಗಡಸುತನ, ಶ್ವಾಸಕೋಶದ ಕ್ಯಾನ್ಸರ್, ಎದೆಯ ಒಳಪೊರೆಗೆ ಬರುವ ಮೀಸೋಥೆಲಿಯೋಮ ಎಂಬ ಇನ್ನೊಂದು ಕ್ಯಾನ್ಸರ್, ಇವು ಧೂಳು ಕುಡಿದ ಹತ್ತು ವರ್ಷಕ್ಕೋ, ಇಪ್ಪತ್ತಕ್ಕೋ, ನಲವತ್ತಕ್ಕೋ ತಲೆ ಎತ್ತುತ್ತವೆ. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಪಟ್ಟು ಹೆಚ್ಚು. ಇವತ್ತು ಬಕೆಟ್ಟು ಹಿಡಿದುಕೊಂಡು ತಾಯಿಯ ಪಕ್ಕದಲ್ಲಿ ನಿಂತ ಎಂಟು ವರ್ಷದ ಹುಡುಗಿಗೆ ನಲವತ್ತೆಂಟರಲ್ಲಿ ಏದುಸಿರು ಬಂದರೆ, ಆ ಕ್ರಿಸ್ಮಸ್ಸಿನ ಸುಣ್ಣವನ್ನು ಯಾರು ನೆನೆದಾರು? ಡಿಸ್ಪೆನ್ಸರಿಯಲ್ಲಿ "ಸೂರು ಕೆರೆದಿದ್ದೀರಾ?" ಎಂದು ಯಾರೂ ಕೇಳುವುದಿಲ್ಲ.

ಇದು ಹೊಸ ಸುದ್ದಿಯಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ನೆಲ್ಲಿ ಕರ್ಷಾ ಎಂಬ ಕೂಲಿ ಹೆಂಗಸು ಕಲ್ನಾರು ನೂಲುವ ಗಿರಣಿಯಲ್ಲಿ ದುಡಿದು, 1924ರಲ್ಲಿ, ಮೂವತ್ತಮೂರನೇ ವಯಸ್ಸಿಗೆ ತೀರಿಕೊಂಡಳು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯರು ಅದರಲ್ಲಿ ಈ ಎಳೆಗಳನ್ನು ಕಂಡು ಅದೇ ವರ್ಷ ವೈದ್ಯಪತ್ರಿಕೆಯಲ್ಲಿ ಬರೆದರು. ಗಿರಣಿಯವರು ಆಕೆಗೆ ಪರಿಹಾರ ಕೊಡಲಿಲ್ಲ. ಕಲ್ನಾರಿನ ಧೂಳಿಗೆ ಅಲ್ಲಿ ಮೊದಲ ಕಾನೂನು ಬಂದದ್ದು 1931ರಲ್ಲಿ. ನಂತರದ ವರ್ಷಗಳಲ್ಲಿ, ಗಿರಣಿಗೆ ಕಾಲೇ ಇಡದ ಹೆಂಗಸರಿಗೂ, ಗಂಡಂದಿರ ಧೂಳು ಬಟ್ಟೆ ಕೊಡವಿ ಒಗೆದದ್ದರಿಂದ, ಇದೇ ರೋಗ ಬಂದದ್ದು ಹಲವು ದೇಶಗಳಲ್ಲಿ ಗೊತ್ತಾಯಿತು. ಬಟ್ಟೆಗೆ ಹತ್ತಿದ ಧೂಳೇ ಅಷ್ಟು ಮಾಡಿದರೆ ನಮ್ಮ ಅನ್ನದ ಪಾತ್ರೆಯ ಮೇಲೆ ಬೀಳುವ ಧೂಳಿನ ಬಗ್ಗೆ ಏನು ಹೇಳುವುದು?

ಅಮೆರಿಕದ ಒಂದು ವಿಷಯವನ್ನು ಇಲ್ಲಿ ತರುತ್ತೇನೆ. ನಮಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ, ಮುಂದೆ ಗೊತ್ತಾಗುತ್ತದೆ. ಅಲ್ಲಿ 1950ರ ನಂತರ ಕಟ್ಟಿದ ಲಕ್ಷಾಂತರ ಮನೆಗಳ ಸೀಲಿಂಗಿಗೆ, ಜೋಳದ ಅರಳನ್ನು ಅಂಟಿಸಿದಂತೆ ಕಾಣುವ ಒರಟು ಗಾರೆಯನ್ನು ಪಂಪಿನಿಂದ ಎರಚುತ್ತಿದ್ದರು. ಮೇಸ್ತ್ರಿಯ ಕೆಲಸದ ಓರೆಕೋರೆ ಮುಚ್ಚಿಹೋಗುತ್ತಿತ್ತು, ಸದ್ದೂ ಕಡಿಮೆಯಾಗುತ್ತಿತ್ತು. ಆ ಗಾರೆಗೆ ಅನೇಕ ಕಡೆ ಕಲ್ನಾರು ಬೆರೆಸುತ್ತಿದ್ದರು. 1978ರಲ್ಲಿ ಅಲ್ಲಿನ ಸರ್ಕಾರ ಅಲಂಕಾರಕ್ಕಾಗಿ ಹೀಗೆ ಕಲ್ನಾರು ಎರಚುವುದನ್ನು ನಿಷೇಧಿಸಿತು. ಈಗ ಆ ಸೀಲಿಂಗು ಹಳೇ ಫ್ಯಾಶನ್. ಮನೆಯವರೇ ಏಣಿ ಹಾಕಿ ಕೆರೆದು ನುಣ್ಣಗೆ ಮಾಡಿಕೊಳ್ಳುವುದು ಅಲ್ಲಿ ಸಾಮಾನ್ಯ. ಆದರೆ ಕೆರೆಯುವ ಮೊದಲು ಒಂದು ಚೂರನ್ನು ಒದ್ದೆ ಮಾಡಿ ತೆಗೆದು ಪ್ರಯೋಗಶಾಲೆಗೆ ಕಳಿಸಿ, ಕಲ್ನಾರು ಇದೆಯೋ ಇಲ್ಲವೋ ನೋಡಿಸಿಕೊಳ್ಳಿ ಎಂದು ಅವರಿಗೆ ಬುದ್ಧಿ ಹೇಳಲಾಗುತ್ತದೆ. ಇಲ್ಲವೆಂದು ಬಂದರೂ ನೀರು ಸಿಂಪಡಿಸಿ, ನೆನೆಸಿ, ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸಿ ಕೆರೆಯುತ್ತಾರೆ. ಇದೆಯೆಂದು ಬಂದರೆ ಮುಟ್ಟುವುದಿಲ್ಲ. ತರಬೇತಾದವರನ್ನು ಕರೆಯುತ್ತಾರೆ, ಅಥವಾ ಅದರ ಕೆಳಗೆ ಹೊಸ ಬೋರ್ಡು ಹೊಡೆದು ಶಾಶ್ವತವಾಗಿ ಮುಚ್ಚಿಬಿಡುತ್ತಾರೆ.

ಅವರ ಗಾರೆ ಬೆರಳು ತಾಗಿದರೆ ಉದುರುವಂಥದು, ನಮ್ಮ ಶೀಟು ಗಟ್ಟಿ. ಈ ವ್ಯತ್ಯಾಸ ನಿಜ. ಆದರೆ ತಂತಿ ಬ್ರಷ್ಷು ಹಿಡಿದ ಮೇಲೆ ಆ ವ್ಯತ್ಯಾಸ ಬಹಳ ಉಳಿಯುವುದಿಲ್ಲ. ಮಷೀನು ಹಿಡಿದರೆ ಸ್ವಲ್ಪವೂ ಉಳಿಯುವುದಿಲ್ಲ. ನನ್ನ ಮಾತಿಗೆ ಬೇಕಾದದ್ದು ಇನ್ನೊಂದು ವ್ಯತ್ಯಾಸ. ಅವರು ಕೆರೆಯುವುದು ತಮ್ಮ ಸ್ವಂತ ಮನೆಯ ಸೀಲಿಂಗು. ನಾವು ಕೆರೆಯುತ್ತಿರುವುದು ಯಾರ ಮನೆಯದು?

ಲೈನ್ ಮನೆ ನಮ್ಮದಲ್ಲ. ರಿಟೈರಾದ ತಿಂಗಳೇ ಬೀಗದ ಕೈ ಕೇಳುವಾಗ ಇದನ್ನು ಆಫೀಸಿನವರು ನಮಗೆ ಚೆನ್ನಾಗಿ ನೆನಪಿಸುತ್ತಾರೆ. ಸೂರು ಸೋರುವಾಗ ಮಾತ್ರ "ನಿಮ್ಮ ಮನೆ, ನೀವೇ ನೋಡಿಕೊಳ್ಳಿ" ಎನ್ನುತ್ತಾರೆ. ಒಂದು ತೋಟದಲ್ಲಿ, ಹೆಸರು ಬೇಡ, ಶೀಟು ಬದಲಾಯಿಸಿ ಎಂದು ಕೇಳಲು ಹೋದವರ ಕೈಗೆ ಲೈನಿಗೊಂದರಂತೆ ಪೇಂಟಿನ ಡಬ್ಬಿಯನ್ನೂ ಎರಡು ಬ್ರಷ್ಷನ್ನೂ ಕೊಟ್ಟು ಕಳಿಸಿದರು. ನಮ್ಮವರು ಕೃತಜ್ಞತೆ ಹೇಳಿ ಬಂದರು.

1951ರ ತೋಟ ಕಾರ್ಮಿಕರ ಕಾಯಿದೆ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಮನೆ ಒದಗಿಸುವುದನ್ನು ಮಾತ್ರವಲ್ಲ, ಅದನ್ನು ಸುಸ್ಥಿತಿಯಲ್ಲಿ ಇಡುವುದನ್ನೂ ಮಾಲೀಕನ ಹೊಣೆ ಮಾಡಿತ್ತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆಯ ಜಾಗವನ್ನು ತೆಗೆದುಕೊಂಡವು. ಆ ಸಂಹಿತೆಗಳ ಮೇಲೆ ಯೂನಿಯನ್ನುಗಳಿಗೆ ಬೇಕಾದಷ್ಟು ತಕರಾರುಗಳಿವೆ, ಅದು ಬೇರೆ ಮಾತು. ತೋಟದ ಕಾರ್ಮಿಕರಿಗೆ ಮನೆ ಕೊಡುವ ಹೊಣೆ ಅವುಗಳಲ್ಲೂ ಮಾಲೀಕನದೇ.

ಇನ್ನೊಂದು ಮುಖ್ಯವಾದ ಮಾತಿದೆ. ದಯವಿಟ್ಟು ಎರಡು ಸಲ ಓದಿ. ಮಾಲೀಕ ಕೊಟ್ಟ ಮನೆ ಕುಸಿದು ಕಾರ್ಮಿಕನಿಗೋ ಮನೆಯವರಿಗೋ ಸಾವು ನೋವು ಆದರೆ ಮಾಲೀಕ ಪರಿಹಾರ ಕೊಡಬೇಕೆಂದು 1981ರ ತಿದ್ದುಪಡಿ ಹಳೇ ಕಾಯಿದೆಯಲ್ಲಿ ಸೇರಿಸಿತ್ತು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಆದರೆ ಅದಕ್ಕೊಂದು ಬಾಲವಿದೆ. ಕುಸಿತಕ್ಕೆ ಪೂರ್ತಿಯಾಗಿ, ನೇರವಾಗಿ ಮನೆಯಲ್ಲಿರುವವರ ತಪ್ಪೇ ಕಾರಣವಾಗಿದ್ದರೆ, ಅಥವಾ ಪ್ರಕೃತಿ ವಿಕೋಪ ಕಾರಣವಾಗಿದ್ದರೆ, ಮಾಲೀಕನಿಗೆ ಆ ಹೊಣೆ ಇಲ್ಲ. ಈಗ ಯೋಚಿಸಿ. ನಾಲ್ಕು ಜನ ತಮ್ಮಂದಿರು ಸೇರಿ ಕೊಕ್ಕೆ ಬೋಲ್ಟು ಬಿಚ್ಚಿ, ಹಳೇ ಶೀಟು ಇಳಿಸಿ, ರೀಪು ಸರಿಸಿ, ಎಲ್ಲಿಂದಲೋ ತಂದ ತಗಡು ಹೊದಿಸುತ್ತೀರಿ. ಮುಂದಿನ ಮಳೆಗಾಲದ ಗಾಳಿಗೆ ಸೂರು ಕುಸಿದು ಯಾರಿಗಾದರೂ ಪೆಟ್ಟಾದರೆ ಆಫೀಸಿನವರು ಮೊದಲು ಆಡುವ ಮಾತು ಯಾವುದು? "ಸೂರನ್ನು ಮುಟ್ಟಿದ್ದು ಇವರೇ" ಎಂಬುದು. ನಮ್ಮ ಬೆವರಿನಿಂದ ನಾವೇ ಅವರ ಕೈಗೆ ಒಂದು ಸಾಕ್ಷಿ ಕೊಟ್ಟಂತಾಯಿತು.

ಎದೆಯ ರೋಗದ ವಿಷಯವೂ ಹೀಗೆಯೇ. ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಬಗ್ಗೆ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ತೀರ್ಪು ಕೊಟ್ಟು, ಪ್ರತಿಯೊಬ್ಬರ ಆರೋಗ್ಯದ ದಾಖಲೆಯನ್ನು ಕಡೇಪಕ್ಷ 40 ವರ್ಷ ಇಡಬೇಕೆಂದಿತು. ಆರೋಗ್ಯವು ಕಾರ್ಮಿಕನ ಮೂಲಭೂತ ಹಕ್ಕು ಎಂದೂ ಹೇಳಿತು. ಕಾರ್ಖಾನೆಯಲ್ಲಿ ದುಡಿದವನಿಗೆ ಒಂದು ಕಾಗದವಾದರೂ ಇರುತ್ತದೆ. ಭಾನುವಾರ ಮನೆಯ ಸೂರು ಕೆರೆದ ಅಕ್ಕನಿಗೆ ಏನಿದೆ? ಆ ಕೆಲಸಕ್ಕೆ ಮಸ್ಟರಿನಲ್ಲಿ ಹಾಜರಿ ಇಲ್ಲ, ಕೂಲಿ ಇಲ್ಲ, ದಾಖಲೆ ಇಲ್ಲ.

"ಆಡಳಿತ ಮಾಡುವವರೆಗೆ ಕಾದರೆ ಸೂರು ತಲೆ ಮೇಲೆ ಬೀಳುತ್ತದೆ" ಎಂಬ ಮಾತಿಗೆ ನನ್ನಲ್ಲಿ ಗೌರವವಿದೆ. ಮುಚ್ಚಿಹೋದ ತೋಟಗಳಲ್ಲಿ, ಮಾಲೀಕನೇ ಕಣ್ಣಿಗೆ ಕಾಣದ ಕಡೆಗಳಲ್ಲಿ ಇರುವವರ ಕಷ್ಟ ಇನ್ನೂ ದೊಡ್ಡದು. ಆದ್ದರಿಂದ ಕೈಕಟ್ಟಿ ಕೂರಿ ಎಂದು ನಾನು ಹೇಳುತ್ತಿಲ್ಲ. ಸೂರನ್ನು ಕೆರೆಯದೆಯೇ ಚೆಂದ ಮಾಡಬಹುದು. ಅಷ್ಟನ್ನು ನಾವು ಮಾಡಿಕೊಳ್ಳೋಣ.

ಇಡಿಯಾಗಿರುವ ಶೀಟಿನ ಒಳಮೈಗೆ ಹಿಡಿದ ಮಸಿ, ಇಲ್ಲಣವನ್ನು ಸೋಪು ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಒಣಗಿದ ಬಟ್ಟೆ ಬೇಡ, ಪೊರಕೆ ಬೇಡ, ಬ್ರಷ್ಷು ಖಂಡಿತ ಬೇಡ. ಕಲೆ ಪೂರ್ತಿ ಹೋಗಬೇಕಾಗಿಲ್ಲ. ಚೆನ್ನಾಗಿ ಒಣಗಿದ ಮೇಲೆ ಒಂದು ಕೋಟು ಎಣ್ಣೆ ಪ್ರೈಮರ್, ಅದರ ಮೇಲೆ ಎರಡು ಕೋಟು ಪೇಂಟು. ಬರೀ ಸುಣ್ಣ ಬಳಿದರೆ ಮಸಿ ತಿಂಗಳೊಳಗೆ ಹೊರಗೆ ಬರುತ್ತದೆ, ಅದನ್ನು ಕಂಡೇ ಮುಂದಿನ ವರ್ಷ ಮತ್ತೆ ಕೆರೆಯುವ ಬುದ್ಧಿ ಹುಟ್ಟುತ್ತದೆ. ಪ್ರೈಮರ್ ಮಸಿಯನ್ನೂ ತಡೆಯುತ್ತದೆ, ಶೀಟಿನ ಮೈಯನ್ನೂ ಕಟ್ಟಿಹಾಕುತ್ತದೆ. ಹಳೇ ಸುಣ್ಣ ಪದರ ಪದರವಾಗಿ ಏಳುತ್ತಿದ್ದರೆ ಮೊದಲು ನೀರು ಸಿಂಪಡಿಸಿ ಪೂರ್ತಿ ನೆನೆಸಿ. ತಾನಾಗಿ ಸಡಿಲವಾದದ್ದನ್ನು ಮಾತ್ರ ಒದ್ದೆ ಬಟ್ಟೆಯಿಂದ ತೆಗೆಯಿರಿ. ಸಿಂಪಡಿಸಲು ತೋಟದ ಔಷಧಿ ಪಂಪನ್ನು ಮನೆಯೊಳಗೆ ತರಬೇಡಿ, ಅದರ ವಿಷ ಬೇರೆ. ಕೆಲಸಕ್ಕೆ ಮೊದಲು ಹಾಸಿಗೆ, ಅಕ್ಕಿ, ಪಾತ್ರೆ ಹೊರಗೆ ಹೋಗಲಿ. ಮಕ್ಕಳು, ಬಸುರಿ ಹೆಂಗಸರು ಪಕ್ಕದ ಲೈನಿನಲ್ಲಿರಲಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ. ಮುಗಿದ ಮೇಲೆ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಾಡಿ. ಸ್ನಾನ ಮಾಡಿ. ಮುಖಕ್ಕೆ ಟವೆಲ್ ಸುತ್ತಿದರೆ ಆಯಿತೆಂದು ತಿಳಿಯಬೇಡಿ, ಈ ಎಳೆಗೆ ಟವೆಲ್ಲು ತೆರೆದ ಬಾಗಿಲಿದ್ದಂತೆ.

ಬೋರ್ಡು ಹೊಡೆದು ಒಳಗಿನಿಂದ ಮುಚ್ಚುವ ಅನುಕೂಲ ಇದ್ದವರು ಮೊಳೆಯನ್ನು ಮರದ ತೊಲೆಗೆ ಹೊಡೆಯಬೇಕು. ಶೀಟಿಗೆ ತೂತು ಕೊರೆಯಬಾರದು. ಒಲೆಯ ನೇರ ಮೇಲೆ ಪ್ಲೈವುಡ್ಡಾಗಲಿ ಬಟ್ಟೆಯಾಗಲಿ ಬೇಡ, ಬೆಂಕಿ ಹಿಡಿಯುತ್ತದೆ.

ಇಷ್ಟೆಲ್ಲ ಮಸಿ ಹಿಡಿಯುವುದಾದರೂ ಯಾಕೆ? ಒಲೆಗೆ ಹೊಗೆ ಕೊಳವೆ ಇಲ್ಲ. ಸೂರನ್ನು ಕರ್ರಗೆ ಮಾಡಿದ ಹೊಗೆ ಅಡಿಗೆ ಮಾಡುವವಳ ಎದೆಯನ್ನು ಬಿಟ್ಟಿರುತ್ತದೆಯೇ? ಪೇಂಟಿನ ಡಬ್ಬಿ ಕೇಳುವ ಬದಲು ಹೊಗೆ ಕೊಳವೆ ಕೇಳೋಣ.

ಸೂರಿನ ಮೇಲೆ ಹತ್ತುವ ವಿಷಯ ಬಂದರೆ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಕಲ್ನಾರಿನ ರೋಗ ಇಪ್ಪತ್ತು ವರ್ಷಕ್ಕೆ ಕೊಂದರೆ ಕಲ್ನಾರಿನ ಶೀಟು ಒಂದು ಕ್ಷಣದಲ್ಲಿ ಕೊಲ್ಲುತ್ತದೆ. ಬಿಸಿಲು ಮಳೆಗೆ ಹಳತಾದ ಶೀಟು ಮನುಷ್ಯನ ಭಾರ ತಾಳುವುದಿಲ್ಲ. ಪಾಚಿ ಹಿಡಿದಿದ್ದರೆ ಎಲ್ಲಿ ಬಿರುಕಿದೆಯೆಂದು ಕಾಣುವುದೂ ಇಲ್ಲ. ಹಲಗೆ ಹಾಸದೆ, ಹಗ್ಗ ಕಟ್ಟದೆ ಹತ್ತಿದವನು ನೇರ ಒಳಗಿನ ಸಿಮೆಂಟು ನೆಲಕ್ಕೆ ಬೀಳುತ್ತಾನೆ. ಆನೆ ಬಂದು ಒಡೆದ ಸೂರೇ ಆಗಲಿ, ಮರದ ಕೊಂಬೆ ಬಿದ್ದು ಒಡೆದದ್ದೇ ಆಗಲಿ, ಆ ರಾತ್ರಿಗೆ ಕೆಳಗಿನಿಂದ ಟಾರ್ಪಾಲು ಕಟ್ಟಿ ಪಕ್ಕದ ಮನೆಗೆ ಹೋಗಿ. ಬೆಳಿಗ್ಗೆ ಆಫೀಸಿಗೆ ಕಾಗದ ಬರೆಯಿರಿ.

ಒಡೆದ ಚೂರುಗಳ ಮಾತು ಇನ್ನೂ ಇದೆ. ನಮ್ಮ ಲೈನುಗಳಲ್ಲಿ ಅವು ಬಚ್ಚಲಿನ ಮರೆಯಾಗುತ್ತವೆ, ಕೋಳಿಗೂಡಾಗುತ್ತವೆ, ಕೆಸರು ದಾರಿಗೆ ಹಾಸುಗಲ್ಲಾಗುತ್ತವೆ. ದಾರಿಗೆ ಹಾಕಿದ್ದು ತುಳಿದು ತುಳಿದು ಪುಡಿಯಾಗುತ್ತದೆ. ಬೆಂಕಿಗೆ ಹಾಕಿದರೆ ಪಟಾಕಿಯಂತೆ ಸಿಡಿಯುತ್ತದೆಂದು ಮಕ್ಕಳು ಬೇಕೆಂದೇ ಹಾಕುತ್ತಾರೆ. ಇದನ್ನು ಇವತ್ತೇ ನಿಲ್ಲಿಸಬೇಕು. ಯಾಜಕಕಾಂಡದ 14ನೇ ಅಧ್ಯಾಯದಲ್ಲಿ ರೋಗ ಹಿಡಿದ ಮನೆಯ ಗೋಡೆಯಿಂದ ಕೆರೆದ ಗಾರೆಯನ್ನು ಊರ ಹೊರಗೆ ಹಾಕಿಸುವ ಕಟ್ಟಳೆ ಇದೆ. ಅದನ್ನು ಮಕ್ಕಳಿಗೆ ಪಾಠ ಹೇಳುವ ನಾವು ನಮ್ಮ ಅಂಗಳದಲ್ಲೇ ಚೂರುಗಳನ್ನು ರಾಶಿ ಹಾಕಿಕೊಂಡಿದ್ದೇವೆ. ಅವುಗಳನ್ನು ನೀರು ಹಾಕಿ ನೆನೆಸಿ, ಮತ್ತೆ ಒಡೆಯದೆ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ಕಡೆ ಇಟ್ಟು, ತೆಗೆದುಕೊಂಡು ಹೋಗುವಂತೆ ತೋಟದವರಿಗೆ ಹೇಳಬೇಕು.

ಇನ್ನು ಕೇಳಬೇಕಾದದ್ದು ಏನು? ನಮ್ಮ ದೇಶದಲ್ಲಿ ಕಲ್ನಾರು ಶೀಟಿನ ತಯಾರಿಕೆಯನ್ನೂ ಮಾರಾಟವನ್ನೂ ಇನ್ನೂ ನಿಷೇಧಿಸಿಲ್ಲ. ಇಂಗ್ಲೆಂಡು, ಯೂರೋಪಿನ ಒಕ್ಕೂಟ, ಜಪಾನ್, ಆಸ್ಟ್ರೇಲಿಯ ನಿಷೇಧಿಸಿವೆ. ನಮಗೆ ಮಾತ್ರ ಹೊರಗಿನಿಂದ ಹಡಗಿನಲ್ಲಿ ಬರುತ್ತಲೇ ಇದೆ. ಆದ್ದರಿಂದ "ಹಳೇದು ತೆಗೆದು ಹೊಸದು ಹಾಕಿ" ಎಂದಷ್ಟೇ ಬರೆದರೆ ಹೊಸ ಕಲ್ನಾರು ಶೀಟನ್ನೇ ತಂದು ಹೊದಿಸಿಯಾರು. "ಕಲ್ನಾರು ಇಲ್ಲದ" ಎಂಬ ಮಾತನ್ನು ಕಾಗದದಲ್ಲಿ ಬರೆಯಲೇಬೇಕು. 2009ರಲ್ಲಿ ಕೇರಳದ ರಾಜ್ಯ ಮಾನವ ಹಕ್ಕುಗಳ ಆಯೋಗವು ಸರ್ಕಾರದ ಅಧೀನದ ಶಾಲೆಗಳ ಕಲ್ನಾರು ಸೂರು ತೆಗೆದು ಹೆಂಚು ಹೊದಿಸಬೇಕೆಂದು ಹೇಳಿತು. ಶಾಲೆಯಲ್ಲಿ ಆರು ಗಂಟೆ ಕೂರುವ ಮಗುವಿಗೆ ಬೇಡವಾದ ಸೂರು, ಅದೇ ಮಗು ಮಲಗಿ ಏಳುವ ಲೈನಿಗೆ ಹೇಗೆ ಸರಿಯಾಗುತ್ತದೆ?

ಕೆಲಸವನ್ನು ತರಬೇತಾದವರೇ ಮಾಡಬೇಕು, ಶೀಟನ್ನು ನೆನೆಸಿ ಬೋಲ್ಟು ಕತ್ತರಿಸಿ ಇಡಿಯಾಗಿ ಇಳಿಸಬೇಕು, ಕೆಲಸ ನಡೆಯುವಷ್ಟು ದಿನ ಆ ಮನೆಯವರಿಗೆ ಬೇರೆ ಮನೆ ಕೊಡಬೇಕು ಎಂಬುದೂ ಕಾಗದದಲ್ಲಿರಲಿ. ಜೊತೆಗೆ ಇನ್ನೊಂದು ಸಾಲು. ನಾವು ಒಲ್ಲೆವೆಂದರೆ ಜಾರ್ಖಂಡಿನಿಂದಲೋ ಅಸ್ಸಾಮಿನಿಂದಲೋ ಕಂಟ್ರಾಕ್ಟಿಗೆ ಬಂದ ಹುಡುಗರನ್ನು ಬರಿಗೈಯಲ್ಲಿ ಸೂರಿಗೆ ಹತ್ತಿಸುವುದು ಆಫೀಸಿಗೆ ಸುಲಭ. ಅವರಿಗೆ ನಮ್ಮ ಭಾಷೆ ಬಾರದು, ಶೀಟಿನೊಳಗೆ ಏನಿದೆಯೆಂದು ಯಾರೂ ಹೇಳಿರುವುದಿಲ್ಲ. ನಮ್ಮ ಎದೆ ಉಳಿಸಿಕೊಂಡು ಅವರ ಎದೆಗೆ ಧೂಳು ತುಂಬಿಸುವುದಾದರೆ ಯೂನಿಯನ್ ಯಾತಕ್ಕೆ? ಸರಿಯಾದ ಉಸಿರು ಮಾಸ್ಕು, ಹಲಗೆ, ಹಗ್ಗ ಇಲ್ಲದೆ ಯಾರನ್ನೂ ಮೇಲೆ ಕಳಿಸಕೂಡದೆಂದು ಬರೆಯಿರಿ.

ಲೈನಿನಲ್ಲಿರುವ ಪ್ರತಿ ಮನೆಯವರೂ, ಹೆಂಗಸರೂ ಸೇರಿ, ಸಹಿ ಹಾಕಲಿ. ಎಷ್ಟು ಶೀಟು ಬಿರುಕು ಬಿಟ್ಟಿದೆ, ಎಷ್ಟು ಸೋರುತ್ತಿದೆ ಎಂದು ಮನೆವಾರು ಎಣಿಸಿ ಬರೆಯಿರಿ. ಒಂದು ಪ್ರತಿ ಮ್ಯಾನೇಜರಿಗೆ, ಒಂದು ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಿಗೆ, ಒಂದು ಯೂನಿಯನ್ನಿಗೆ. ಕೊಟ್ಟ ದಿನಾಂಕಕ್ಕೆ ಆಫೀಸಿನ ಸೀಲು ಹಾಕಿಸಿಕೊಳ್ಳಿ. ಬರೆಯಲು ಕಷ್ಟವಾದವರು ಭಾನುವಾರ ಪೂಜೆಯ ನಂತರ ಬಂದರೆ ಕೂತು ಬರೆದುಕೊಡುತ್ತೇನೆ. ಕನ್ನಡದಲ್ಲಿ ಬರೆದದ್ದನ್ನು ತಮಿಳಿಗೂ ಮಲಯಾಳಕ್ಕೂ ಮಾಡಿಕೊಡಲು ನಮ್ಮಲ್ಲಿ ಜನರಿದ್ದಾರೆ.